ಬಸವಣಪ್ಪ ಸರ್ ಅವರ ಮೊದಲ ಬಾಟಲಿ

ಬೆಳಿಗ್ಗೆ ಹನ್ನೊಂದಕ್ಕೆ ಬಸವಕಲ್ಯಾಣದ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಬರ್ನರ್ ಹಚ್ಚುವ ಮೊದಲೇ ಪ್ರಣಿತಾ ಸಾಲಿನ ಮೊದಲ ಬಾಟಲಿಯಿಂದ ತನಗೆ ಕೊಟ್ಟ ಲವಣದ ಹೆಸರು ಹೇಳಿದಳು: ಅಮೋನಿಯಂ ಕ್ಲೋರೈಡ್. ಉತ್ತರ ಸರಿಯಾಗಿತ್ತು.

ಹುಮನಾಬಾದಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ಹೋದ ವರ್ಷ ತೀರಿಕೊಂಡ ಬಸವಣಪ್ಪನವರ ಹೆಸರಿನ ವಿದ್ಯಾರ್ಥಿವೇತನಕ್ಕೆ ಅಂದು ಆಯ್ಕೆ ನಡೆದಿತ್ತು. ಅದು ಸಿಗದಿದ್ದರೆ, ಅವರಲ್ಲೇ ಕಲಿತಿದ್ದ ಮುಡಬಿಯ ಕೂಲಿಕಾರರ ಮಗಳು ಪ್ರಣಿತಾಳ ಬಿ.ಎಸ್‌ಸಿ. ಓದು ಅಲ್ಲಿಗೇ ನಿಲ್ಲುತ್ತಿತ್ತು.

"ಯಾರ್ ಹೇಳಿಕೊಟ್ರವಾ ನಿನಗ? ಕನಸು ಬಿದ್ದಿತ್ತೇನು?" ಎಂದು ಸಮಿತಿಯ ಅಧ್ಯಕ್ಷ ಸತೀಶಕುಮಾರ ಕೇಳಿದರು. ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆದವರು ಯಾರೆಂದೂ ವಿಚಾರಿಸಿದರು.

"ಯಾರೂ ಹೇಳಿಲ್ರಿ. ಈ ಬಾಟ್ಲಿ ನಮ್ಮ ಸರ್‌ವು. ಮೊದಲನೇದ್ರಾಗ ಯಾವಾಗಲೂ ಇದನ್ನೇ ಇಡ್ತಿದ್ರು. ಸುಣ್ಣ ಹಾಕಿ ತಿಕ್ಕಿದ್ರ ವಾಸನಿಗೇ ಗೊತ್ತಾಗ್ತದ, ಮೊದಲನೇ ದಿನ ಯಾರೂ ತಪ್ಪಬಾರದು ಅಂತಿದ್ರು."

ಗುರುಗಳ ಗೌರವಕ್ಕೆಂದು ಆ ಬಾಟಲಿಗಳನ್ನು ಇದ್ದ ಕ್ರಮದಲ್ಲೇ ಹುಮನಾಬಾದಿನಿಂದ ತರಿಸಿದವರು ಸತೀಶಕುಮಾರರೇ.

"ಮನ್ಯಾಗೂ ಹಂಗೇ ಅಂತಿದ್ರು," ಎಂದರು ಆಯ್ಕೆ ನೋಡಲು ಬಂದಿದ್ದ ಬಸವಣಪ್ಪನವರ ಪತ್ನಿ ಭಾಗಮ್ಮ. "ಅನುಮಾನ ಇದ್ರ ನಿಮ್ಮ ಕೈಯಿಂದನೇ ಬ್ಯಾರೆ ಕೊಡ್ರಿ."

ಸತೀಶಕುಮಾರ ಕಾಲೇಜಿನ ಕಪಾಟಿನಿಂದ ಇನ್ನೊಂದು ಬಿಳಿ ಪುಡಿ ತಂದರು. ಪಕ್ಕದಲ್ಲೇ ನಿಂತು ಅವಳ ಕೈಯಿಂದ ಕಣ್ಣು ತೆಗೆಯಲಿಲ್ಲ. ಪ್ರಣಿತಾ ಬರ್ನರ್ ಹಚ್ಚಿ ಪುಡಿಯನ್ನು ಹಿಡಿದಾಗ ಜ್ವಾಲೆ ಹಸಿರಾಯಿತು.

"ಬೇರಿಯಂ ಅದ ರೀ ಸರ್."

ಅವರು ಹಾಳೆಯಲ್ಲಿ ಸರಿ ಎಂದು ಗುರುತು ಹಾಕಿದರು. ಹೊರಗೆ ಕಾಯುತ್ತಿದ್ದ ಉಳಿದ ಮೂವರು ಅಭ್ಯರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು ಅದೇ ಪುಡಿ ಕೊಟ್ಟರು. ಮೂವರೂ ತಪ್ಪಿದರು. ವಿದ್ಯಾರ್ಥಿವೇತನ ಪ್ರಣಿತಾಗೆ ಸಿಕ್ಕಿತು.