ನಲವತ್ತು ದಾಟದ ಕಾರು

ನನ್ನ ಗಂಡ ರಮ್ಲಿ ಒಳ್ಳೆಯವನೇ. ಸ್ಟೇರಿಂಗ್ ಹಿಡಿದರೆ ಮಾತ್ರ ಮೈಮೇಲೆ ಏನೋ ಬಂದವನ ಹಾಗೆ ಆಡುತ್ತಾನೆ. ಎರಡು ವರ್ಷದ ಹಿಂದೆ ಅವನ ಕಾರಿನಿಂದ ನಡುಗುತ್ತ ಇಳಿದ ಅತ್ತೆ ಮತ್ತೆ ಅದನ್ನು ಹತ್ತಿರಲಿಲ್ಲ. ಬಸ್ಸೆಂದರೆ ವಾಂತಿ. ಹಾಗಾಗಿ ತೆರೆಂಗಾನು ಪಟ್ಟಣದಲ್ಲಿರುವ ಒಬ್ಬಳೇ ತಂಗಿಯ ಮುಖ ನೋಡುವುದೂ ತಪ್ಪಿಹೋಯಿತು. ಹಬ್ಬ ಬಂತೆಂದರೆ ಅಕ್ಕತಂಗಿಯರು ಫೋನಿನಲ್ಲೇ ಅಳುತ್ತಿದ್ದರು. ಕೇಳಿ ಕೇಳಿ ನನಗೆ ಸಾಕಾಗಿತ್ತು.

ಈ ಸಲ ಈದ್ ಮುಗಿದ ಮಾರನೆಯ ದಿನ ಕಾರು ಕೈಕೊಟ್ಟಿತು. ಎಷ್ಟು ತುಳಿದರೂ ನಲವತ್ತು ದಾಟದು! ನಮ್ಮ ದುಂಗುನ್ ಊರಿನ ಗ್ಯಾರೇಜುಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದವು. ತೆರೆಂಗಾನು ಪಟ್ಟಣದಲ್ಲಿ ಆಹೋಕ್ ಎಂಬ ಚೀನೀ ಮೆಕ್ಯಾನಿಕ್ಕಿನ ಅಂಗಡಿ ತೆರೆದಿದೆಯೆಂದು ಗೊತ್ತಾಯಿತು. ನಾನು ಸೀದಾ ಅತ್ತೆಯ ಹತ್ತಿರ ಹೋದೆ. ರಮ್ಲಿಯ ಹಾಗೆ ನಾನೂ ಅವರನ್ನು ಮಾಕ್, ಅಂದರೆ ಅಮ್ಮ, ಎಂದೇ ಕರೆಯುವುದು.

“ಮಾಕ್, ಬರ್ತೀರಾ? ಇವತ್ತು ನಿಮ್ಮ ಮಗ ಹಾರ್ತೀನಿ ಅಂದ್ರೂ ಕಾರು ಬಿಡಲ್ಲ.”

“ಆಣೆ ಮಾಡು.”

“ಅಲ್ಲಾಹನಾಣೆ!”

ಅತ್ತೆ ಹೊಸ ಬಟ್ಟೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತರು.

ಸ್ಕೂಟರಿನ ಹೆಂಗಸರೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದರು. ರಮ್ಲಿ ಹಲ್ಲು ಕಡಿಯುತ್ತಿದ್ದ. ಅತ್ತೆ ಕಿಟಕಿ ಇಳಿಸಿ, ತೆಂಗಿನ ಗರಿಯಲ್ಲಿ ಬೇಯಿಸಿದ ಕೆತುಪತ್ ಅನ್ನ ಬಿಚ್ಚಿ ತಿನ್ನುತ್ತ ಹೇಳಿದರು: “ಲೋ ರಮ್ಲಿ, ಈ ರಸ್ತೆ ಪಕ್ಕ ಸಮುದ್ರ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರ್ಲಿಲ್ಲ ಕಣೋ. ನಿನ್ನ ಕಾರಲ್ಲಿ ಕಣ್ಣು ಮುಚ್ಕೊಂಡೇ ಕೂತಿರ್ತಿದ್ನಲ್ಲ!”

ತಂಗಿಯ ಮನೆಯ ಗೇಟಿನಲ್ಲೇ ಇಬ್ಬರೂ ತಬ್ಬಿಕೊಂಡರು. ಅವರನ್ನು ಅಲ್ಲಿ ಬಿಟ್ಟು ನಾವು ಗ್ಯಾರೇಜಿಗೆ ಹೋದೆವು.

ಆಹೋಕ್ ಕಾರಿಗೆ ಯಂತ್ರ ಸಿಕ್ಕಿಸಿ ನೋಡಿ ನಕ್ಕ. “ಈಗಿನ ಕಾರಲ್ಲಿ ಪೆಡಲ್ ತುಳಿಯೋದು ಬರೀ ಅರ್ಜಿ ಹಾಕ್ದಂಗೆ, ಅಣ್ಣಾ. ಮಂಜೂರು ಮಾಡೋದು ಒಳಗಿರೋ ಕಂಪ್ಯೂಟರ್ ಪೆಟ್ಟಿಗೆ. ಪೆಡಲ್‌ನಲ್ಲಿ ಎರಡು ಸೆನ್ಸರ್ ಇವೆ. ಒಂದು ಜಾಸ್ತಿ ತುಳಿದ್ರು ಅನ್ನುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ. ಪೆಟ್ಟಿಗೆ ಯಾರನ್ನೂ ನಂಬದೆ, ಮೆಲ್ಲಗೆ ಮನೆ ಸೇರ್ಕೊ ಅಂತ ಸ್ಪೀಡು ಕಟ್ ಮಾಡಿಬಿಟ್ಟಿದೆ.”

ಬೇರೆ ಪೆಡಲ್ ಹಾಕಿದ. ರಮ್ಲಿ ಒಂದು ಸುತ್ತು ಓಡಿಸಿದ. ಅಬ್ಬಾ, ಆ ಮುಖ ಅರಳಿದ್ದು ನೋಡಬೇಕಿತ್ತು! ನನಗೆ ಮಾತ್ರ ಅತ್ತೆಯ ನೆನಪಾಯಿತು. ರಿಪೇರಿಯಾದ ಕಾರನ್ನು ಅತ್ತೆ ಹತ್ತುವುದಿಲ್ಲ. ಹತ್ತಿದರೂ ಇವನ ಓಟ ನೋಡಿ ಇನ್ನೆಂದೂ ಬರುವುದಿಲ್ಲ. ಮತ್ತೆ ಅದೇ ಫೋನು, ಅದೇ ಅಳು.

ತಂಗಿಯ ಮನೆಯಿಂದ ಹೊರಡುವಾಗ ಅತ್ತೆ ಕಾರಿನ ಬಾಗಿಲು ಹಿಡಿದು ನಿಂತರು. “ಸರಿಹೋಯ್ತೇನೋ?”

ರಮ್ಲಿ ಅಮ್ಮನ ಮುಖ ನೋಡಿದ. “ಇಲ್ಲ ಮಾಕ್. ಸಾಮಾನು ಸಿಗ್ಲಿಲ್ಲ.”

ಅತ್ತೆ ನಿಶ್ಚಿಂತೆಯಿಂದ ಹತ್ತಿ ಕೂತರು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಬೈದು ಮುಂದೆ ಹೋದ. ರಮ್ಲಿಯ ಕಿವಿ ಕೆಂಪಾಯಿತು. ಕಾರು ಮಾತ್ರ ನಲವತ್ತರಲ್ಲೇ ಇತ್ತು.

ಅತ್ತೆ ಅವನ ಹೆಗಲು ತಟ್ಟಿದರು. “ನಾಚ್ಕೋಬೇಡ್ವೋ. ಕೆಟ್ಟಿದ್ರೆ ಕೆಟ್ಟಿರ್ಲಿ ಬಿಡು, ನಂಗಿದೇ ಚೆಂದ. ಮುಂದಿನ ತಿಂಗಳು ಮತ್ತೆ ಬರೋಣ್ವಾ?”

“ಬರೋಣ ಮಾಕ್.”

ಅವನ ಕಾಲು ಪೆಡಲಿಗೆ ತಾಗಿಯೂ ತಾಗದ ಹಾಗಿತ್ತು. ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅಲ್ಲೇ ತಬ್ಬಿಕೊಂಡುಬಿಡೋಣ ಅನಿಸಿತು. ಹಿಂದೆ ಅತ್ತೆ ಇದ್ದರಲ್ಲ, ಸುಮ್ಮನೆ ಕೂತೆ.