ಚಹಾದಂಗಡಿಯಲ್ಲಿ ಉಳಿದ ಸರ್ವರಬೇಗಂ

ಬುರಾನುದ್ದೀನ ಸರಕಾರಿ ಬಸ್ಸಿನ ಡ್ರೈವರನಾಗಿದ್ದು ನಿವೃತ್ತನಾದವನು. ಆಳಂದದಿಂದ ಮಾದನಹಿಪ್ಪರಗಾ, ಮಾದನಹಿಪ್ಪರಗಾದಿಂದ ಆಳಂದ. ಅವನ ನೌಕರಿಯ ಬಹುಪಾಲು ಇದರಲ್ಲೇ ಕಳೆದಿತ್ತು. ಹೆಂಡತಿ ತೀರಿಕೊಂಡ ಮೇಲೆ ಮೂರು ಹೊತ್ತೂ ಬಸ್ ಸ್ಟ್ಯಾಂಡಿನ ಹತ್ತಿರ ಸುಸಲಾ, ಮಿರ್ಚಿ ಭಜಿ ತಿನ್ನುತ್ತಿದ್ದ. ಕಲಬುರಗಿಯಲ್ಲಿರುವ ಮಗಳು ನಿಶಾತ ಇದನ್ನು ಒಂದು ವರ್ಷ ಸಹಿಸಿದಳು. ಆಮೇಲೆ ಅಪ್ಪನಿಗೆ ಹೆಣ್ಣು ಹುಡುಕಿದಳು.

ಹೆಣ್ಣು ಅಫಜಲಪುರ ತಾಲ್ಲೂಕಿನ ಅತನೂರಿನಾಕೆ. ಹೆಸರು ಸರ್ವರಬೇಗಂ. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಅಣ್ಣನ ಮನೆಯಲ್ಲಿ ಒಂದು ಹೊಲಿಗೆ ಮಷಿನ್ ಇಟ್ಟುಕೊಂಡು ಊರ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ನಿಖಾ ಸರಳವಾಗಿ ನಡೆಯಿತು. ಸರಳವಾಗಿದ್ದರೂ ಬಂದ ನೆಂಟರು ಬೇಗ ಹೋಗಲಿಲ್ಲ. ಮನೆ ತುಂಬ ಜನ. ಗಂಡ ಹೆಂಡತಿಯ ನಡುವೆ ಅಷ್ಟು ದಿನ ನಡೆದ ಮಾತುಕತೆ ಒಂದೇ.

“ಊಟ ಆತೇನ್ರಿ?”

“ಆತ್ರಿ.”

ಯಾರು ಕೇಳಿದರು, ಯಾರು ಹೇಳಿದರು ಎಂಬುದು ಮಾತ್ರ ದಿನ ದಿನಕ್ಕೆ ಬದಲಾಗುತ್ತಿತ್ತು.

ನೆಂಟರೆಲ್ಲ ಹೋದ ಮೇಲೆ ನಿಶಾತ ಫೋನು ಮಾಡಿದಳು. “ಅಬ್ಬಾ, ನೀವೂ ಖಾಲಾ ಕೂಡಿ ಶನಿವಾರ, ಆಯ್ತಾರ ಸಮುದ್ರ ನೋಡ್ಕೊಂಡ ಬರ್ರಿ. ನಮ್ಮ ಮನಿಯವ್ರ ಗಾಡಿ ಒಯ್ಯಿರಿ.”

“ಯಾಕ?”

“ಎಲ್ಲಾರೂ ಹೋಗ್ತಾರ.”

“ನಮ್ಮ ಓಣ್ಯಾಗ ಯಾರೂ ಹೋಗಿಲ್ಲ.”

“ಹೊಸದಾಗಿ ಲಗ್ನ ಆದವ್ರು ಹೋಗ್ತಾರ, ಅಬ್ಬಾ.”

ಬುರಾನುದ್ದೀನ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿ, ಗಾಡಿಯಲ್ಲಿ ಡೀಸೆಲ್ ಎಷ್ಟಿದೆ ಎಂದು ಕೇಳಿದ.

ಅಳಿಯ ಅಲ್ತಾಫ ಗಾಡಿ ತಂದುಕೊಟ್ಟು, ಎಲ್ಲಿಗೆ ಹೋಗಬೇಕೆಂದೂ ಹೇಳಿದ. ಮರವಂತೆ ಎಂಬಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ ಇದೆಯಂತೆ. ಅಲ್ಲಿ ನಿಂತು ಫೋಟೋ ತೆಗೆದುಕೊಳ್ಳಬೇಕಂತೆ. ಸೋಮವಾರ ಅವನಿಗೆ ಗಾಡಿ ಬೇಕಂತೆ.

ಶುಕ್ರವಾರ ನಸುಕಿನಲ್ಲಿ ಹೊರಟರು. ಬುರಾನುದ್ದೀನ ಕಾರನ್ನು ಬಸ್ಸಿನಂತೆಯೇ ಓಡಿಸಿದ. ತಿರುವಿನಲ್ಲಿ ಸ್ಟೇರಿಂಗನ್ನು ಎರಡೂ ಕೈಯಿಂದ ಬಾವಿಯ ಹಗ್ಗದಂತೆ ಎಳೆಯುತ್ತಿದ್ದ. ಅಫಜಲಪುರ, ಇಂಡಿ, ವಿಜಯಪುರ ಎಲ್ಲ ಕಡೆ ಬಸ್ ಸ್ಟ್ಯಾಂಡಿನ ಮುಂದೆ ನಿಧಾನಿಸಿದ. ಸರ್ವರಬೇಗಂ ಪಕ್ಕದ ಸೀಟಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದಳು. ಯಾಕೆ ನಿಧಾನಿಸಿದಿರಿ ಎಂದು ಕೇಳಲಿಲ್ಲ. ರಾತ್ರಿ ಹುಬ್ಬಳ್ಳಿಯಲ್ಲಿ ದೂರದ ಬೀಗರೊಬ್ಬರ ಮನೆಯಲ್ಲಿ ತಂಗಿದರು. ಅಲ್ಲಿಯೂ ಊಟ ಆಯಿತೇ ಎಂದು ಕೇಳಿಕೊಂಡರು. ಆಗಿತ್ತು.

ಶನಿವಾರ ಘಟ್ಟ ಇಳಿದು ಅಂಕೋಲಾ ಸೇರಿ, ದಕ್ಷಿಣಕ್ಕೆ ಹೆದ್ದಾರಿ ಹಿಡಿದರು. ಸರ್ವರಬೇಗಂ ಮೊದಲ ಬಾರಿಗೆ ಊಟ ಬಿಟ್ಟು ಬೇರೆ ಮಾತಾಡಿದಳು.

“ಸಮುದ್ರ ಎಲ್ಲದರಿ?”

“ಬಲಗಡೆ ಅದ.”

ಆಕೆ ಬಲಕ್ಕೆ ನೋಡಿದಳು. ಸಿಮೆಂಟಿನ ಅಂಗಡಿ ಬಂತು. ತೆಂಗಿನ ತೋಟ ಬಂತು. ಹಲ್ಲಿನ ಡಾಕ್ಟರರ ದೊಡ್ಡ ಬೋರ್ಡು ಬಂತು. ಕುಮಟಾ ದಾಟಿತು, ಹೊನ್ನಾವರ ದಾಟಿತು. ಒಂದು ಸೇತುವೆಯ ಮೇಲಿಂದ ಬಹಳ ನೀರು ಕಂಡಿತು.

“ಇದೇನ್ರಿ?”

“ಇದು ನದಿ.”

“ಇಷ್ಟು ದೊಡ್ಡದು?”

“ಹೌದ್ರಿ. ಸಮುದ್ರ ಇನ್ನೂ ಬಲಕ್ಕದ.”

ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಬಸ್ ಸ್ಟಾಪಿನಲ್ಲಿ ಇಬ್ಬರು ಮೀನು ಮಾರುವ ಹೆಂಗಸರು ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಹಿಂದೆ ಬಸ್ಸು ಬರುತ್ತಿತ್ತು. ಅದಕ್ಕೆ ಕೈ ಮಾಡಿದರು. ಬುರಾನುದ್ದೀನನ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು. ಬಸ್ಸು ಹಾರ್ನು ಬಾರಿಸಿ ಪಕ್ಕದಿಂದ ಹೋಗಿಬಿಟ್ಟಿತು. ಹೆಂಗಸರು ಹೋದ ಬಸ್ಸನ್ನೂ ನಿಂತ ಕಾರನ್ನೂ ನೋಡಿ, ಬಾಗಿಲು ತೆಗೆದು ಹಿಂದೆ ಕೂತರು.

“ಭಟ್ಕಳಕ್ಕೆ ಬಿಡಿ,” ಎಂದಳು ದೊಡ್ಡಾಕೆ.

ಬುರಾನುದ್ದೀನ ಬಿಡಲು ಹೊರಟ. ಸರ್ವರಬೇಗಂ ಮೂಗಿಗೆ ಸೆರಗು ಹಿಡಿದಳು. ನಗು ಮುಚ್ಚಲೋ ವಾಸನೆ ತಾಳಲಾರದೆಯೋ ಅವನಿಗೆ ತಿಳಿಯಲಿಲ್ಲ.

ಮಂಕಿಯ ಹತ್ತಿರ ರಸ್ತೆ ಬದಿಯ ಚಹಾದಂಗಡಿಯಲ್ಲಿ ಅವನು ಅಭ್ಯಾಸದಂತೆ ಗಾಡಿ ನಿಲ್ಲಿಸಿ, “ಹತ್ತ ಮಿನಿಟ” ಎಂದ. ಎಲ್ಲರೂ ಚಹಾ ಕುಡಿದರು. ಸರ್ವರಬೇಗಂ ಅಂಗಡಿಯ ಹಿಂದಿದ್ದ ಬಚ್ಚಲಿಗೆ ಹೋದಳು. ಬುರಾನುದ್ದೀನ ಚಕ್ರಗಳನ್ನು ಒದ್ದು ನೋಡಿ ಸೀಟಿನಲ್ಲಿ ಕೂತ. ಹಿಂದಿನ ಇಬ್ಬರು ಹತ್ತಿದರು. ದೊಡ್ಡಾಕೆ ಬಾಗಿಲನ್ನು ಜೋರಾಗಿ ಎಳೆದುಕೊಂಡು, ಸರಿಯಾಗಿ ಬೀಳಲಿಲ್ಲವೆಂದು ಮತ್ತೊಮ್ಮೆ ಎಳೆದಳು. ಜೀವಮಾನವೆಲ್ಲ ಕಂಡಕ್ಟರ್ ಬಾಗಿಲಿಗೆ ಎರಡು ಸಲ ಬಡಿದ ಕೂಡಲೇ ಬಸ್ಸು ಹೊರಡಿಸಿದ ಮನುಷ್ಯ ಅವನು. ಈಗಲೂ ಹೊರಡಿಸಿದ.

ಬಹಳ ದೂರ ಹೋದ ಮೇಲೆ ಗಾಡಿಯಲ್ಲಿ ಚಾರ್ಜಿಗೆ ಹಾಕಿದ್ದ ಸರ್ವರಬೇಗಂಳ ಫೋನು ರಿಂಗಾಯಿತು.

“ನಿಮ್ಮ ಫೋನ್ ಬಂದದ ನೋಡ್ರಿ,” ಎಂದು ಬುರಾನುದ್ದೀನ ಪಕ್ಕದ ಸೀಟಿಗೆ ಹೇಳಿದ. ಸೀಟಿನ ಮೇಲೆ ಆಕೆಯ ಚೀಲ ಇತ್ತು. ಗಾಡಿಯನ್ನು ಬದಿಗೆ ಹಚ್ಚಿ ಅವನೇ ಫೋನು ಎತ್ತಿದ. ನಿಶಾತ.

“ಅಬ್ಬಾ, ಖಾಲಾನ ಕೈಯಾಗ ಕೊಡ್ರಿ.”

“ಕೊಡಾಕ ಆಗಂಗಿಲ್ಲ.”

“ಯಾಕ?”

“ಹಿಂದ ಅದಾರ.”

“ಹಿಂದಿನ ಸೀಟಿನ್ಯಾಗ?”

“ಇನ್ನೂ ಹಿಂದ.”

“ಡಿಕ್ಕ್ಯಾಗೇನು, ಅಬ್ಬಾ?”

ಅವನು ಫೋನು ಇಟ್ಟುಬಿಟ್ಟ.

“ನೀವು ಹೇಳಬಾರದೇನ್ರಿ?” ಎಂದು ಹಿಂದಿನವರನ್ನು ಕೇಳಿದ.

“ಅವ್ರ ಸ್ಟಾಪು ಬಂತು, ಇಳ್ದ್ರು ಅಂತ ಮಾಡಿದ್ವಿ,” ಎಂದಳು ಚಿಕ್ಕಾಕೆ.

“ಅವ್ರು ನನ್ನ ಹೆಂಡ್ತಿ.”

“ಅಯ್ಯೋ ಮಾರಾಯ್ರೆ,” ಎಂದಳು ದೊಡ್ಡಾಕೆ, “ಇಷ್ಟೊತ್ತು ಒಂದು ಮಾತಾಡ್ಲಿಲ್ಲ ನೀವಿಬ್ರು. ನಮಗೆ ಹೆಂಗೆ ಗೊತ್ತಾಗ್ಬೇಕು?”

ಅವರನ್ನು ಅಲ್ಲೇ ಇಳಿಸಿ ಹೋಗುತ್ತೇನೆ ಎಂದರೆ ಇಳಿಯಲಿಲ್ಲ. ಹೆಂಗಸು ಸಿಗದಿದ್ದರೆ ಪೊಲೀಸರು ಇವನೊಬ್ಬನ ಮಾತು ನಂಬುವುದಿಲ್ಲ, ತಾವೂ ಬರುತ್ತೇವೆ ಎಂದರು. ಹೆದ್ದಾರಿಯ ನಡುವೆ ಸಿಮೆಂಟಿನ ಕಟ್ಟೆ. ತಿರುಗಲು ಸಂದು ಸಿಗುವತನಕ ಅವನು ಇನ್ನೂ ಮುಂದಕ್ಕೇ ಹೋಗಬೇಕಾಯಿತು. ಹೆಂಡತಿಯಿಂದ ಮತ್ತಷ್ಟು ದೂರ. ತಿರುಗಿದ ಮೇಲೆ ಬುರಾನುದ್ದೀನ ಮೂರು ಲಾರಿಗಳನ್ನು ಹಿಂದೆ ಹಾಕಿದ. ಹಿಂದಿನ ಸೀಟಿನಲ್ಲಿ ಬುಟ್ಟಿಯ ಮಂಜುಗಡ್ಡೆ ಕರಗಿ ಅಲ್ತಾಫನ ಕಾರಿನೊಳಗೆ ಹರಿಯಿತು.

ಚಹಾದಂಗಡಿಯಲ್ಲಿ ಸರ್ವರಬೇಗಂ ಇರಲಿಲ್ಲ.

“ಯಾವ ಸೀರೆ?” ಎಂದು ಅಂಗಡಿಯವನು ಕೇಳಿದ.

ಬುರಾನುದ್ದೀನ ಬಾಯಿ ತೆರೆದ. ನಿನ್ನೆಯಿಂದ ಪಕ್ಕದಲ್ಲೇ ಕೂತಿದ್ದಳು. ಸೀರೆಯ ಬಣ್ಣ ಅವನಿಗೆ ಗೊತ್ತಿರಲಿಲ್ಲ. ಮುಖವನ್ನಾದರೂ ಸರಿಯಾಗಿ ನೋಡಿದ್ದೇನೆಯೇ ಎಂದು ಯೋಚಿಸಿದ.

“ಹಸಿರು. ಹಳದಿ ಅಂಚು,” ಎಂದಳು ದೊಡ್ಡಾಕೆ.

“ಓ, ಅವ್ರಾ? ನೀರಿನ ಕಡೆ ಹೋದ್ರು,” ಎಂದು ಅಂಗಡಿಯವನು ಓಣಿಯೊಂದನ್ನು ತೋರಿಸಿದ.

ನೀರಿನ ಕಡೆ ಎಂಬ ಮಾತು ಬುರಾನುದ್ದೀನನಿಗೆ ಬೇರೆ ರೀತಿಯಲ್ಲಿ ಕೇಳಿಸಿತು. ಅವನು ಓಡಿದ. ಅವನು ಓಡಿದ್ದನ್ನು ಆಳಂದದಲ್ಲಿ ಯಾರೂ ನೋಡಿಲ್ಲ.

ಅಂಗಡಿಯ ಹಿಂದಿನಿಂದ ಬರುತ್ತಿದ್ದಾಗಲೇ ಸರ್ವರಬೇಗಂ ಕಾರು ಹೋದದ್ದನ್ನು ನೋಡಿದ್ದಳು. ನೆರಳಿಗೆ ನಿಲ್ಲಿಸಲು ಹೋಗಿರಬೇಕು ಎಂದುಕೊಂಡಳು. ಕಾರು ನೆರಳುಗಳನ್ನೆಲ್ಲ ದಾಟಿ ಹೋಯಿತು. ಬೆಂಚಿನ ಮೇಲೆ ಕೂತು ಕಾದಳು. ಅಳು ಬಂತು, ಅಂಗಡಿಯವನು ನೋಡುತ್ತಿದ್ದನೆಂದು ಅಳಲಿಲ್ಲ. ಹುಬ್ಬಳ್ಳಿಗೆ ಬಸ್ಸು ಎಲ್ಲಿ ಸಿಗುತ್ತದೆ ಎಂದು ಕೇಳಿ ತಿಳಿದುಕೊಂಡಳು. ಅದಾದ ಮೇಲೆ, ಸಮುದ್ರ ಎಲ್ಲಿದೆ ಎಂದೂ ಕೇಳಿದಳು. ಓಣಿಯ ಆ ತುದಿಯಲ್ಲೇ ಇತ್ತು.

ಬುರಾನುದ್ದೀನ ಬಂದಾಗ ಆಕೆ ಮರಳಿನ ಮೇಲೆ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಏದುಸಿರು ಬಿಡುತ್ತ, ಸ್ವಲ್ಪ ದೂರ ಬಿಟ್ಟು ಕೂತ. ಹೆಂಗಸರಿಬ್ಬರೂ ಓಣಿಯ ಬಾಯಿಯಲ್ಲಿ ನಿಂತು ನೋಡಿ, ಸಿಕ್ಕಳೆಂದು ಖಾತ್ರಿ ಮಾಡಿಕೊಂಡು, ಭಟ್ಕಳದ ಬಸ್ಸಿಗೆ ಹೋದರು. ಈ ಸಲ ಬಸ್ಸಿಗೇ.

“ತಪ್ಪಾತ್ರಿ,” ಎಂದ ಅವನು.

“ಹೂಂ.”

“ಸಿಟ್ಟು ಬಂದದೇನ್ರಿ?”

“ಬಂದಿತ್ತು. ಈಗಿಲ್ಲ.” ಆಕೆ ಚಪ್ಪಲಿಯ ಮರಳು ಕೊಡವಿ ಹೇಳಿದಳು, “ಮದಲಿನವ್ರು ನನ್ನ ಒಂದಿನಾನೂ ಮರತಿದ್ದಿಲ್ಲ ನೋಡ್ರಿ.”

ಬುರಾನುದ್ದೀನ ತಲೆ ತಗ್ಗಿಸಿದ.

“ಬಾಗಲಾಗ ನಿಂತ್ರ ಯಾರನ್ನ ನೋಡಾಕತ್ತಿ ಅಂತಿದ್ರು. ನೀರಿಗೆ ಹೋದ್ರ ಹಿಂದಿಂದ ಬರ್ತಿದ್ರು. ಕೆಲಸಕ್ಕ ಹೋಗೂ ಮುಂದ ಹೊರಗಿಂದ ಕೀಲಿ ಹಾಕ್ತಿದ್ರು. ಸಾಯೂತನಕ ಹಂಗ ಖಬರ ಇಟ್ಟಿದ್ರು.”

ಆಕೆ ಹೊಗಳುತ್ತಿಲ್ಲ ಎಂದು ಅವನಿಗೆ ಆಗ ಹೊಳೆಯಿತು.

“ಇವತ್ತ ನಾ ಎಲ್ಲಿದ್ದೇನಿ ಅಂತ ಯಾರಿಗೂ ಗೊತ್ತಿದ್ದಿಲ್ಲ,” ಎಂದಳು ಸರ್ವರಬೇಗಂ. “ಮದಲ ಅಂಜಿಕಿ ಆತು. ಆಮ್ಯಾಲ ಇಲ್ಲಿ ಬಂದು ಕುಂತೆ. ಅಲಿ ಬರ್ತಾವ, ಹೋಗ್ತಾವ. ಯಾಕ ಕುಂತಿ ಅಂತ ಒಂದೂ ಕೇಳವಲ್ದು.”

ಬುರಾನುದ್ದೀನ ನೀರಿನ ಕಡೆ ನೋಡಿದ. ಅವನಿಗೂ ಅದೇ ಮೊದಲ ಸಲ.

“ಹಂಗಾರ ಬಿಟ್ಟು ಹೋಗಿದ್ದು ಚಲೋನೇ ಆತೇನ್ರಿ?”

“ಚಲೋ ಆಗಿಲ್ಲ. ಚೀಲ, ಫೋನ್ ಎಲ್ಲಾ ಗಾಡ್ಯಾಗಿತ್ತು.” ಆಕೆ ಅವನತ್ತ ತಿರುಗಿದಳು. “ಇನ್ನೊಮ್ಮೆ ಹೇಳಿ ಬಿಟ್ಟು ಹೋಗ್ರಿ.”

ಅವನು ನಕ್ಕ. ಆಕೆ ನಗಲಿಲ್ಲ, ಆದರೆ ಸೆರಗನ್ನು ಹಿಡಿದುಕೊಂಡಿರಲೂ ಇಲ್ಲ. ಅವನು ಈ ಸಲ ಮುಖ ನೋಡಿದ. ಎಡಗೆನ್ನೆಯ ಮೇಲೊಂದು ಮಚ್ಚೆ ಇತ್ತು. ಬಿಸಿಲಿಗೆ ಮೂಗು ಕೆಂಪಾಗಿತ್ತು.

ಮರವಂತೆಗೆ ಅವರು ಹೋಗಲೇ ಇಲ್ಲ. ಭಟ್ಕಳದಲ್ಲಿ ಒಂದು ಲಾಡ್ಜು ಹಿಡಿದು, ಆದಿತ್ಯವಾರ ಮತ್ತೆ ಅದೇ ಮರಳಿಗೆ ಬಂದರು. ಸೋಮವಾರವೂ ಬಂದರು. ಅಲ್ತಾಫ ನಾಲ್ಕು ಸಲ ಫೋನು ಮಾಡಿದ. ಗಾಡಿ ಬಿಸಿಯಾಗಿದೆ ಎಂದು ಬುರಾನುದ್ದೀನ ಹೇಳಿದ. ಗಾಡಿ ಬಿಸಿಲಲ್ಲೇ ನಿಂತಿದ್ದರಿಂದ ಅದು ಸುಳ್ಳಲ್ಲ. ಬುಧವಾರ ಗಾಡಿ ಕೈಗೆ ಬಂದಾಗ ಅಲ್ತಾಫ ಬಾಗಿಲು ತೆಗೆದು, ಮೂಸಿ, ಮತ್ತೆ ಮುಚ್ಚಿದ. ಮೀನಿನ ವಾಸನೆ ಮೊಹರಂ ತನಕ ಇತ್ತು.

ಈಗ ಸರ್ವರಬೇಗಂ ತಿಂಗಳಲ್ಲಿ ಒಂದೆರಡು ಸಲ ಒಬ್ಬಳೇ ಬಸ್ಸು ಹತ್ತಿ ಎಲ್ಲಿಗಾದರೂ ಹೋಗುತ್ತಾಳೆ. ರಾಜ್ಯದೊಳಗೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಒಮ್ಮೆ ಜೇವರ್ಗಿ, ಒಮ್ಮೆ ಬಸವಕಲ್ಯಾಣ, ಒಮ್ಮೆ ರೊಕ್ಕ ಕೊಟ್ಟು ಗಡಿ ದಾಟಿ ಉಮರ್ಗಾ. ಎಲ್ಲಿಗೆ ಎಂದು ಬುರಾನುದ್ದೀನ ಕೇಳುವುದಿಲ್ಲ. ಕೇಳಬೇಕೆನಿಸಿದಾಗ ಅನ್ನಕ್ಕೆ ಇಡುತ್ತಾನೆ, ಅದು ಮುದ್ದೆಯಾಗುತ್ತದೆ. ಸಂಜೆ ಬಂದು ಆಕೆ ತಾನಾಗಿಯೇ ಎಲ್ಲ ಹೇಳುತ್ತಾಳೆ: ಯಾವ ಸಂತೆ, ಯಾವ ದರ್ಗಾ, ಯಾರ ಹೊಲದಲ್ಲಿ ತೊಗರಿ ಹೂ ಬಿಟ್ಟಿದೆ. ಅವನು ಗಮನವಿಟ್ಟು ಕೇಳುತ್ತಾನೆ. ಬದಲಿ ಡ್ಯೂಟಿಯ ಮೇಲೆ ಆ ಊರುಗಳಿಗೆಲ್ಲ ಅವನು ಎಷ್ಟೋ ಸಲ ಬಸ್ಸು ಒಯ್ದಿದ್ದ. ನೋಡಿದ್ದು ಸ್ಟ್ಯಾಂಡು ಮಾತ್ರ.