ಚನ್ನಕೇಶವನ ಫೋಲ್ಡರಿನ ದಾರಿ

ಕೆಳಗಿನ ಬೇಕರಿಯಿಂದ ಮತ್ತೆ ಅದೇ ಡಾಲ್ಡಾ ವಾಸನೆ, ಮೆಟ್ಟಿಲು ಹತ್ತಿ ಬಂದು ಗಂಟಲಲ್ಲಿ ಕೂತಿತು, ಥೂ, ಪಫ್ ಬೇಯಿಸ್ತಾರೋ ಟೈರು ಸುಡ್ತಾರೋ, ರುಖ್ಸಾರ್ ದುಪಟ್ಟಾ ಮೂಗಿಗೊತ್ತಿಕೊಂಡು ಪರದೆ ನೋಡಿದಳು — ಫೈಲ್, ಎಡಿಟ್, ವ್ಯೂ, ಮತ್ತೆ ಇಂಗ್ಲಿಷೇ, ಹುಡುಗಿಯರಿಗೆ ಪ್ರೋಗ್ರಾಮಿಂಗ್ ಕಲಿಸೋ ಸಾಫ್ಟ್‌ವೇರು, ಬೆಳಗ್ಗೆಯಿಂದ ಸೋರ್ಸ್ ಕೋಡಿನಿಂದ, ಅದರ ಮೂಲ ಬರಹದಿಂದಲೇ, ಕಟ್ಟಿ ಕಟ್ಟಿ ಹಾಕಿದ್ದಾಯ್ತು, ಒಂದು ತಪ್ಪೂ ತೋರಿಸದೆ ಇನ್‌ಸ್ಟಾಲ್ ಆಗುತ್ತೆ, ಕನ್ನಡ ಪದಗಳ ಫೈಲೂ ಒಳಗೆ ಕೂತಿದೆ, ಕಣ್ಣಾರೆ ಕಂಡಿದ್ದಾಳೆ, ಈ ದರಿದ್ರದ್ದು ಹುಡುಕೋದೇ ಬೇರೆ ಕಡೆ, ಎಲ್ಲಿ ಹುಡುಕ್ತೀಯ ಮಹರಾಯ, ಕೋಡು ತೆರೆದು ಸಾಲು ಸಾಲಾಗಿ ಇಳಿಯುತ್ತಾಳೆ, ಅಗೋ — ಹೋಮ್, ಅದರೊಳಗೆ ಚನ್ನಕೇಶವ, ಅದರೊಳಗೆ ಕನ್ನಡ. ಹೋದ ವರ್ಷದವರೆಗೆ ಈ ಕಂಪ್ಯೂಟರ್ ಸೆಂಟರಲ್ಲೇ ಪಾಠ ಹೇಳ್ತಿದ್ದ ಚನ್ನಕೇಶವ, ಇದಕ್ಕೆ ಕನ್ನಡ ಬರೆದವನು, ತನ್ನ ಲ್ಯಾಪ್‌ಟಾಪಿನ ಸ್ವಂತ ಫೋಲ್ಡರಿನ ದಾರಿಯನ್ನೇ ಬರೆದಿಟ್ಟು ಎದ್ದು ಹೋಗಿದ್ದಾನೆ, ಬೇರೆ ಯಾರ ಮಷೀನಲ್ಲಿ ಆ ದಾರಿ ಇರುತ್ತೆ, ಅವನದರಲ್ಲಿ ಮಾತ್ರ ಕನ್ನಡ, ಅದನ್ನೇ ಹೊತ್ಕೊಂಡು ಹೋಗಿ ಯಲಹಂಕದ ರಾಜ್ಯೋತ್ಸವದ ವೇದಿಕೆ ಮೇಲೆ ತೋರಿಸಿದ, ಚಪ್ಪಾಳೆಯೋ ಚಪ್ಪಾಳೆ, ಹಳದಿ-ಕೆಂಪು ಶಾಲು ಹೊದಿಸಿದರು, ಆಮೇಲೆ ಶಾಮಿಯಾನದ ಹಿಂದೆ ಬೋಂಡಾ ತಿಂದು, ಇವಳು ನೋಡ್ತಿದ್ದಂಗೇ, ಐದೂ ಬೆರಳನ್ನು ಆ ಶಾಲಿಗೇ ಒರೆಸಿದ, ನಿಧಾನವಾಗಿ, ಉಗುರಿನ ಸಂದಿ ಸಮೇತ — ಇನ್ನೇನ್ರೀ ಮೇಡಂ, ಕನ್ನಡ ಬಂತಲ್ಲ, ಅಂದ.

ಸೆಂಟರಿನ ಯಜಮಾನ ಬೈರಣ್ಣ ಬಾಗಿಲಲ್ಲಿ ಇಣುಕುತ್ತಾರೆ, ಏನಮ್ಮಾ ರುಖ್ಸಾರ್, ಕಂಪ್ಯೂಟರ್ ಕೊಟ್ಟೋರು ಸಂಜೆ ನೋಡಕ್ಕೆ ಬರ್ತಾರೆ, ಮುಂದಿನ ಒಂದ್ ಮಷೀನಲ್ಲಿ ಕನ್ನಡ ಕಂಡ್ರೆ ಸಾಕು ಕಣಮ್ಮ, ಹಿಂದಿನ ಸಾಲಿಗೆ ಯಾರ್ ಹೋಗ್ತಾರೆ, ಹಿಂದಿನ ಸಾಲಿಗೆ ಧನಲಕ್ಷ್ಮಿ ಹೋಗ್ತಾಳೆ ಸಾರ್, ರುಖ್ಸಾರ್ ಮನಸ್ಸಲ್ಲೇ ಅಂದುಕೊಂಡಳು, ಹುಣಸಮಾರನಹಳ್ಳಿಯಿಂದ ಬಸ್ ಹಿಡಿದು ಬರೋ ಧನಲಕ್ಷ್ಮಿ, ನಿನ್ನೆ ಬ್ಯಾಗು ಎದೆಗೆ ಅವುಚ್ಕೊಂಡು, ಇಂಗೆ ಬರೀ ಇಂಗ್ಲೀಸೇ ಇದ್ರೆ ನಾಳಿಂದ ಬರಲ್ಲ ಮಿಸ್, ತಪ್ಪು ಒತ್ತಿದ್ರೆ ಎಲ್ಲಾ ನಗ್ತಾರೆ, ಅಂದಿದ್ದಳು. ಆದರೂ ಸಂಜೆಯಾಗ್ತಿದೆ, ಈ ಮುಂದಿನ ಮಷೀನಲ್ಲಿ ತನ್ನ ಫೋಲ್ಡರಿನ ದಾರಿ ಹಾಕಿಬಿಟ್ಟರೆ ಮುಗೀತು, ಹೋಮ್, ಅದರೊಳಗೆ ರುಖ್ಸಾರ್ — ಟೈಪ್ ಮಾಡಿಯೇಬಿಟ್ಟಳು, ಛೀ, ಕೀಬೋರ್ಡಿನ ಮೇಲೆ ಜಿಡ್ಡು, ಮಧ್ಯಾಹ್ನ ತಾನೂ ತಿಂದ ಪಫ್ಫು, ಒರೆಸಿಕೊಂಡಿದ್ದು ಈ ದುಪಟ್ಟಾಕ್ಕೇ, ಅದನ್ನೇ ಮೂಗಿಗೆ ಒತ್ತಿಕೊಂಡು ಬೇಕರಿಯವನನ್ನು ಬೈತಾ ಕೂತಿದ್ದು. ಅಳಿಸಿದಳು. ನೀನು ಎಲ್ಲಿ ಇನ್‌ಸ್ಟಾಲ್ ಆಗಿದ್ದೀಯೋ ಅಲ್ಲೇ ಹುಡುಕು, ಅಷ್ಟೇ, ಯಾರ ಹೆಸರೂ ಬೇಡ, ಹಾಗೆ ತಿದ್ದಿ ಮತ್ತೆ ಕಟ್ಟಿದಳು, ಮೊದಲು ಹಿಂದಿನ ಸಾಲಿಗೇ ಹಾಕಿದಳು, ಕ್ಲಾಸಿಗೆ ಬಂದು ಕೂತ ಧನಲಕ್ಷ್ಮಿ ಪರದೆ ಮೇಲೆ ಬೆರಳಿಟ್ಟು ಓದುತ್ತಾಳೆ, ತೆರೆ, ಉಳಿಸು, ಹುಡುಕು, ಬಿಟ್ಟು ಹೋಗು, ಅಯ್ ಮಿಸ್, ನಮ್ಮನೇಲಿ ಮಾತಾಡ್ದಂಗೇ ಐತೆ, ಯಾರ್ ಮಿಸ್ ಇದ್ ಬರ್ದಿದ್ದು, ರುಖ್ಸಾರ್ ಬಾಯಿ ತೆರೆದಳು, ಹೇಳಬೇಕು, ಮಾತುಗಳು ಅವನವೇ, ಚೆನ್ನಾಗಿವೆ, ಎಷ್ಟು ಚೆನ್ನಾಗಿವೆ, ಅದಕ್ಕೇ ಇನ್ನೂ ಹೇಸಿಗೆ, ಹೆಸರು ನಾಲಿಗೆವರೆಗೂ ಬಂತು, ಆದರೆ ಕಣ್ಣೆದುರಿಗೆ ಬಂದು ನಿಂತಿದ್ದು ಆ ಶಾಲು, ಹಳದಿಯ ಮೇಲೆ ಎಣ್ಣೆಯ ಐದು ಬೆರಳು